ತೊಳೆದಷ್ಟೂ ಕೆಡುವುದುಂಟು

ಯೋನಿಯೊಳಗಿನ ಬ್ಯಾಕ್ಟೀರಿಯಾಗಳ ಸಮತೋಲನವನ್ನು ಕಾಯುವುದರಲ್ಲೂ ಕೆಡಿಸುವುದರಲ್ಲೂ ನಮ್ಮ ದಿನನಿತ್ಯದ ರೂಢಿಗಳ ಪಾಲು ದೊಡ್ಡದು. ಶಿವಮೊಗ್ಗ, ಭದ್ರಾವತಿಯ ಹೆಣ್ಣುಮಕ್ಕಳ ದಿನಚರಿಯನ್ನು ಮುಂದಿಟ್ಟುಕೊಂಡು ಒಂದು ಕೈಪಿಡಿ.

"ಬಿಳಿ ಹೋಗ್ತಿದೆ, ಏನಾದ್ರೂ ಮಾತ್ರೆ ಕೊಡಿ."

ಔಷಧಿ ಅಂಗಡಿಯಲ್ಲಿ ಜನ ಕಡಿಮೆಯಾಗುವವರೆಗೆ ಕಾದು, ದನಿ ತಗ್ಗಿಸಿ ಕೇಳುವ ಮಾತಿದು. ದುರ್ಗಿಗುಡಿಯಲ್ಲಿ ಕೇಳಲಿ, ಜನ್ನಾಪುರದಲ್ಲಿ ಕೇಳಲಿ, ಅಷ್ಟರಲ್ಲಿ ಮನೆಯಲ್ಲಿ ಒಂದು ಸುತ್ತಿನ ಆರೈಕೆ ಮುಗಿದಿರುತ್ತದೆ. ಸೋಪು ಬದಲಾಗಿರುತ್ತದೆ, ದಿನಕ್ಕೆ ನಾಲ್ಕು ಸಲ ತೊಳೆದದ್ದಾಗಿರುತ್ತದೆ, ಬಿಸಿನೀರಿಗೆ ನಂಜುನಾಶಕ ದ್ರವದ ಹನಿಗಳೂ ಬಿದ್ದಿರುತ್ತವೆ. ಇಷ್ಟೆಲ್ಲ ಮಾಡಿದರೂ ಯಾಕೆ ಹೀಗೆ ಎಂಬ ಅಳಲು ಬೇರೆ. ಎಷ್ಟೋ ಸಲ ಉತ್ತರ ಆ ಅಳಲಿನಲ್ಲೇ ಇದೆ: ಇಷ್ಟೆಲ್ಲ ಮಾಡಿದ್ದರಿಂದಲೇ.

ಯೋನಿ ತನ್ನನ್ನು ತಾನೇ ಸ್ವಚ್ಛವಾಗಿಟ್ಟುಕೊಳ್ಳುವ ಅಂಗ. ನಾವು ಮಾಡಬೇಕಾದದ್ದು ತೀರ ಕಡಿಮೆ. ಒಳಗೆ ಏನನ್ನೂ ಹಾಕಬಾರದು, ಹೊರಗೆ ನೀರು ಸಾಕು, ತೊಳೆದ ಮೇಲೆ ಒಣಗಿರಬೇಕು. ಇವುಗಳಲ್ಲಿ ಮೂರನೆಯದು ನಮ್ಮ ಸೀಮೆಯಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಕಷ್ಟ. ಮೊದಲನೆಯದಂತೂ ಹನ್ನೆರಡು ತಿಂಗಳೂ ನಮ್ಮ ಕೈಯಲ್ಲೇ ಇದೆ.

ಒಳಗಿನ ಕಾವಲು

ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರದ ಜೀವಕೋಶಗಳು ಗ್ಲೈಕೋಜನ್ ಎಂಬ ಶರ್ಕರವನ್ನು ಕೂಡಿಟ್ಟುಕೊಳ್ಳುತ್ತವೆ. ಕೋಶಗಳು ಉದುರಿದಾಗ ಅದು ಒಡೆದು ಸಣ್ಣ ಸಕ್ಕರೆಯಾಗುತ್ತದೆ. ಇದನ್ನುಂಡು ಬದುಕುವುದು ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ. ಉಂಡ ಋಣಕ್ಕೆ ಅದು ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುತ್ತದೆ. ಮೊಸರನ್ನು ಹುಳಿಯಾಗಿಸುವುದೂ ಇದೇ ಆಮ್ಲ. ಇದರಿಂದ ಯೋನಿಯ ಪಿಎಚ್ ಮಟ್ಟ 3.8ರಿಂದ 4.5ರ ನಡುವೆ ನಿಲ್ಲುತ್ತದೆ. ಈ ಹುಳಿಯಲ್ಲಿ ರೋಗ ತರುವ ಹೆಚ್ಚಿನ ಸೂಕ್ಷ್ಮಜೀವಿಗಳು ಬೆಳೆಯಲಾರವು. ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್‌ಲೈನ್ 1892ರಲ್ಲೇ ಈ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದರು.

2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಯಾವ ತೊಂದರೆಯೂ ಇಲ್ಲದ 396 ಮಹಿಳೆಯರನ್ನು ಪರೀಕ್ಷಿಸಿ ಐದು ಗುಂಪುಗಳನ್ನು ಮಾಡಿತು. ನಾಲ್ಕು ಗುಂಪುಗಳಲ್ಲಿ ಲ್ಯಾಕ್ಟೊಬ್ಯಾಸಿಲಸ್‌ನ ಒಂದೊಂದು ಪ್ರಭೇದದ್ದೇ ಮೇಲುಗೈ. ಐದನೆಯದರಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾಗಳ ಬೆರಕೆ. ಎಲ್ಲರ ಸಮತೋಲನವೂ ಒಂದೇ ಅಚ್ಚಿನಲ್ಲಿರುವುದಿಲ್ಲ ಎಂಬುದು ಇದರಿಂದ ಗೊತ್ತಾಯಿತು.

ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಾಗಿ, ಆಮ್ಲಜನಕ ಇಲ್ಲದೆಡೆ ಬೆಳೆಯುವ ಗಾರ್ಡ್ನರೆಲ್ಲಾದಂಥವು ಹೆಚ್ಚಿದಾಗ ಬರುವ ತೊಂದರೆಯೇ ಬ್ಯಾಕ್ಟೀರಿಯಲ್ ವೆಜಿನೋಸಿಸ್, ಚಿಕ್ಕದಾಗಿ ಬಿ.ವಿ. ಮೈಸೂರಿನಲ್ಲಿ 2005-06ರಲ್ಲಿ 15ರಿಂದ 30 ವರ್ಷದ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ 863 ಮಂದಿಯ ಸ್ರಾವವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಾಯಿತು. 165 ಮಂದಿಗೆ, ಎಂದರೆ ಶೇ 19.1ರಷ್ಟು ಜನಕ್ಕೆ ಬಿ.ವಿ. ಇತ್ತು. ಇನ್ನೂ ಶೇ 15.4ರಷ್ಟು ಮಂದಿ ನಡುವಿನ ಹಂತದಲ್ಲಿದ್ದರು. ಐವರಲ್ಲಿ ಒಬ್ಬರಿಗೆ ಬರುವ ತೊಂದರೆಯನ್ನು ಒಬ್ಬೊಬ್ಬರೂ ತಮಗೊಬ್ಬರಿಗೇ ಬಂದಿದೆ ಎಂದುಕೊಂಡು ಬಚ್ಚಿಡುತ್ತಾರೆ.

ಹೋಗುವ ಬಿಳಿಯೆಲ್ಲ ರೋಗವಲ್ಲ

ಮುಟ್ಟಾಗುವ ವಯಸ್ಸಿನ ಹೆಣ್ಣಿಗೆ ದಿನಕ್ಕೆ ಅರ್ಧದಿಂದ ಒಂದು ಟೀ ಚಮಚದಷ್ಟು ಸ್ರಾವ ಸಹಜ. ಮುಟ್ಟು ನಿಂತ ಮೇಲೆ ಕಡಿಮೆ. ತಿಂಗಳ ನಡುವೆ ಅಂಡ ಬಿಡುಗಡೆಯಾಗುವ ಹೊತ್ತಿಗೆ ತೆಳುವಾಗಿ, ಎಳೆಯೆಳೆಯಾಗಿ, ಹೆಚ್ಚು. ಮುಂದಿನ ಮುಟ್ಟು ಹತ್ತಿರವಾದಂತೆ ಮಂದ, ಬೆಳ್ಳಗೆ. ಸ್ವಲ್ಪ ಹುಳಿ ವಾಸನೆಯೂ ಇರಬಹುದು. ಒಳಉಡುಪಿನ ಮೇಲೆ ಒಣಗಿದಾಗ ತುಸು ಹಳದಿ ಕಲೆಯಾಗುವುದೂ ಸಹಜವೇ.

ಬಿಳಿಸೆರಗಿನಿಂದ ದೇಹದ ಶಕ್ತಿ ಸೋರಿಹೋಗುತ್ತದೆ, ಮೂಳೆ ಕರಗಿ ಬಿಳಿಯಾಗಿ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ನಿಜವಲ್ಲ. ಗೋವಾದಲ್ಲಿ ಸುಮಾರು ಎರಡೂವರೆ ಸಾವಿರ ಮಹಿಳೆಯರ ನಡುವೆ ನಡೆದ, 2005ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬಿಳಿ ಹೋಗುತ್ತದೆ ಎಂದು ದೂರಿದವರ ಸಮಸ್ಯೆಗೆ ಸೋಂಕಿಗಿಂತ ಹೆಚ್ಚಾಗಿ ಮನಸ್ಸಿನ ಒತ್ತಡ, ಮನೆಯ ಚಿಂತೆಗಳ ನಂಟು ಕಂಡುಬಂತು. ಸುಸ್ತು, ಸೊಂಟನೋವು, ನಿದ್ದೆಗೇಡುಗಳಿಗೆಲ್ಲ ಬಿಳಿಸೆರಗೇ ಕಾರಣ ಎಂದು ಮಾತ್ರೆ ನುಂಗುತ್ತ ಹೋದರೆ ರಕ್ತಹೀನತೆಯೋ ಖಿನ್ನತೆಯೋ ಹಾಗೆಯೇ ಉಳಿದುಬಿಡುತ್ತದೆ.

ಬಚ್ಚಲುಮನೆಯಲ್ಲಿ

ದಿನನಿತ್ಯದ ರೂಢಿಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಒಳಗೆ ತೊಳೆಯುವುದು. ಬೆರಳಿನಿಂದಾಗಲಿ, ಜೆಟ್ ಸ್ಪ್ರೇಯಿಂದಾಗಲಿ, ಪಿಚಕಾರಿಯಿಂದಾಗಲಿ ಒಳಗೆ ನೀರು ಹಾಯಿಸಿದರೆ ಮೊದಲು ಕೊಚ್ಚಿಹೋಗುವುದು ಕಾವಲಿಗಿದ್ದ ಲ್ಯಾಕ್ಟೊಬ್ಯಾಸಿಲಸ್. ಸ್ನಾನದ ಸೋಪಿನ ಪಿಎಚ್ ಸಾಮಾನ್ಯವಾಗಿ 9ರಿಂದ 10. ಹುಳಿಯಾಗಿರಬೇಕಾದ ಜಾಗಕ್ಕೆ ಅದು ಕ್ಷಾರ ಸುರಿದಂತೆ. ನಂಜುನಾಶಕ ದ್ರವ ಬೇಕಾದದ್ದು, ಬೇಡದ್ದು ಎಂದು ನೋಡದೆ ಎಲ್ಲವನ್ನೂ ಕೊಲ್ಲುತ್ತದೆ. ಖಾಲಿಯಾದ ಜಾಗದಲ್ಲಿ ಬೇಡದ್ದೇ ಮೊದಲು ಬೆಳೆಯುತ್ತದೆ. ಆಗ ವಾಸನೆ ಹೆಚ್ಚುತ್ತದೆ, ವಾಸನೆಗೆ ಹೆದರಿ ಇನ್ನಷ್ಟು ತೊಳೆಯುತ್ತೇವೆ. ಈ ಸುತ್ತನ್ನು ಕಡಿಯುವುದೇ ಮೊದಲ ಚಿಕಿತ್ಸೆ.

ಏನು ಮಾಡಬೇಕು?

• ದಿನಕ್ಕೆ ಒಂದೆರಡು ಸಲ ಹೊರಭಾಗವನ್ನು ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಸೋಪು ಬೇಕೇ ಬೇಕೆನಿಸಿದರೆ ವಾಸನೆಯಿಲ್ಲದ, ಮೃದುವಾದದ್ದನ್ನು ಹೊರಚರ್ಮಕ್ಕಷ್ಟೇ ಬಳಸಿ.

• ಶೌಚದ ನಂತರ ತೊಳೆಯುವ ಕೈ ಮುಂದಿನಿಂದ ಹಿಂದಕ್ಕೆ ಹೋಗಬೇಕು. ಹಿಂದಿನಿಂದ ಮುಂದಕ್ಕೆ ತೊಳೆದರೆ ಕರುಳಿನ ಬ್ಯಾಕ್ಟೀರಿಯಾ ಯೋನಿಗೂ ಮೂತ್ರದ್ವಾರಕ್ಕೂ ತಲುಪುತ್ತದೆ. ಹೆಣ್ಣುಮಕ್ಕಳಿಗೆ ಇದನ್ನು ಚಿಕ್ಕಂದಿನಲ್ಲೇ ಕಲಿಸಿ.

• ತೊಳೆದ ಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ. ಈ ಬಟ್ಟೆ ನಿಮ್ಮೊಬ್ಬರದೇ ಆಗಿರಲಿ.

• ಪೌಡರು, ಸೆಂಟು, ಪರಿಮಳದ ಟಿಶ್ಯೂ ಅಲ್ಲಿಗೆ ಬೇಡ.

• 'ಇಂಟಿಮೇಟ್ ವಾಶ್'ಗಳಲ್ಲಿ ಲ್ಯಾಕ್ಟಿಕ್ ಆಮ್ಲ ಇರಬಹುದು, ಬಾಟಲಿಯ ಮೇಲೆ ಪಿಎಚ್ ಸಂಖ್ಯೆಯೂ ಇರಬಹುದು. ಹೊರಗೆ ಬಳಸಿದರೆ ಬಹಳ ಮಂದಿಗೆ ತೊಂದರೆಯಿಲ್ಲ, ಆದರೆ ಅಗತ್ಯವೂ ಇಲ್ಲ. ಸೋಂಕಿಗೆ ಅದು ಔಷಧಿಯಲ್ಲ.

ಮಳೆಗಾಲದ ಬಟ್ಟೆ, ಬೇಸಗೆಯ ಬೆವರು

ಶಿವಮೊಗ್ಗ, ಭದ್ರಾವತಿ ಆಗುಂಬೆಯಲ್ಲ, ಅರೆಮಲೆನಾಡು. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ ಹಿಡಿಯಿತೆಂದರೆ ಎರಡು ದಿನವಾದರೂ ಒಗೆದ ಬಟ್ಟೆ ಒಣಗದು. ಒಳಉಡುಪಿನ ಪಾಡು ಇನ್ನೂ ಕಷ್ಟ. ಯಾರ ಕಣ್ಣಿಗೂ ಬೀಳಬಾರದೆಂದು ಅದನ್ನು ಟವೆಲ್ಲಿನ ಅಡಿಯಲ್ಲೋ, ಬಾಗಿಲ ಹಿಂದೋ, ಬಚ್ಚಲಿನ ಮೂಲೆಯಲ್ಲೋ ಹಾಕುತ್ತೇವೆ. ಅರೆಹಸಿ ಬಟ್ಟೆ ತೊಟ್ಟು ದಿನವಿಡೀ ಇದ್ದರೆ ತೊಡೆಸಂದಿಯಲ್ಲಿ ಹುಳುಕಡ್ಡಿ, ಯೋನಿಯ ಸುತ್ತ ಕ್ಯಾಂಡಿಡಾ ಶಿಲೀಂಧ್ರದ ತುರಿಕೆಗೆ ದಾರಿಯಾಗುತ್ತದೆ.

ಮಳೆಗಾಲಕ್ಕೆ ಮುಂಚೆಯೇ ಮೂರ್ನಾಲ್ಕು ಹತ್ತಿಯ ಒಳಉಡುಪು ಹೆಚ್ಚಿಗೆ ತೆಗೆದಿಡಿ. ಟವೆಲ್ಲಿನ ಅಡಿಯಿಂದ ಹೊರತೆಗೆದು ಫ್ಯಾನಿನ ಗಾಳಿಗೆ ಹಾಕಿ. ಹಂಡೆ ಒಲೆಯ ಬಿಸಿಗೆ ಒಣಗಿಸುವವರು ಹೊಗೆ, ಮಸಿ ತಾಗದಷ್ಟು ದೂರ ಕಟ್ಟಿ. ಕೊನೆಗೆ ಒಂದು ಸಲ ಬಿಸಿ ಇಸ್ತ್ರಿ ಆಡಿಸಿದರೆ ಉಳಿದ ತೇವವೂ ಹೋಗುತ್ತದೆ. ಒಗೆದ ಸೋಪಿನ ಅಂಶ ಬಟ್ಟೆಯಲ್ಲಿ ಉಳಿಯದಂತೆ ಚೆನ್ನಾಗಿ ಜಾಲಿಸಿ, ಚರ್ಮದ ಉರಿಗೆ ಅದೂ ಒಂದು ಕಾರಣ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡುವವರು ಚೀಲದಲ್ಲಿ ಒಂದು ಜೊತೆ ಒಣಬಟ್ಟೆ ಇಟ್ಟುಕೊಳ್ಳಿ. ನೆನೆದ ಲಂಗ, ಲೆಗ್ಗಿಂಗ್ಸ್ ಮೈಮೇಲೇ ಒಣಗಲು ಬಿಡಬೇಡಿ.

ಮಾರ್ಚ್ ಬಂತೆಂದರೆ ಸಮಸ್ಯೆ ತಿರುಗಿ ನಿಲ್ಲುತ್ತದೆ. ಭದ್ರಾವತಿಯ ಬಿಸಿಲು ಬಲ್ಲವರಿಗೆ ಹೇಳಬೇಕಿಲ್ಲ. ಮಾಚೇನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಮುಂದೆ, ಅಂಗಡಿಯ ಗಲ್ಲಾದಲ್ಲಿ, ತರಗತಿಯಲ್ಲಿ ಗಂಟೆಗಟ್ಟಲೆ ಕೂರುವವರಿಗೆ ಬಿಗಿಯಾದ ಸಿಂಥೆಟಿಕ್ ಬಟ್ಟೆಯೊಳಗೆ ಬೆವರು ಆರುವುದಿಲ್ಲ. ಸಡಿಲ ಉಡುಪು ತೊಡಿ, ರಾತ್ರಿ ಒಳಉಡುಪಿಲ್ಲದೆ ಮಲಗಿ. ಇಷ್ಟರಿಂದಲೇ ಎಷ್ಟೋ ಹಾಯೆನಿಸುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. ಎಲ್ಲ ರೂಢಿಗಳ ತೂಕವೂ ಒಂದೇ ಅಲ್ಲ. ಒಳಗೆ ತೊಳೆಯುವುದಕ್ಕೂ ಬಿ.ವಿ.ಗೂ ಇರುವ ನಂಟು ಹಲವು ಅಧ್ಯಯನಗಳಲ್ಲಿ ಕಂಡಿದೆ. ಒಳಉಡುಪಿನ ಬಟ್ಟೆಯ ಬಗ್ಗೆ ಅಷ್ಟು ಗಟ್ಟಿ ಆಧಾರವಿಲ್ಲ. ಅದರ ಪರಿಣಾಮ ಹೆಚ್ಚಾಗಿ ಚರ್ಮ ಮತ್ತು ಶಿಲೀಂಧ್ರಕ್ಕೆ ಸಂಬಂಧಿಸಿದ್ದು. ಹತ್ತಿಯ ಉಡುಪು ತೊಟ್ಟು, ಒಳಗೆ ಸೋಪು ಹಾಕುತ್ತಿದ್ದರೆ ಪ್ರಯೋಜನವಿಲ್ಲ.

ಮುಟ್ಟಿನ ದಿನಗಳು

ಮುಟ್ಟಿನ ರಕ್ತದ ಪಿಎಚ್ 7ಕ್ಕಿಂತ ಮೇಲೆ. ಹೀಗಾಗಿ ಆ ದಿನಗಳಲ್ಲಿ ಯೋನಿಯ ಹುಳಿ ತಾನಾಗಿಯೇ ಕಡಿಮೆಯಾಗುತ್ತದೆ, ಲ್ಯಾಕ್ಟೊಬ್ಯಾಸಿಲಸ್ ತಗ್ಗುತ್ತದೆ. ಆ ತಿಂಗಳ ಮುಟ್ಟು ಮುಗಿದ ಮೇಲೆ ಹೆಚ್ಚಿನವರಲ್ಲಿ ಅದು ಮತ್ತೆ ಚೇತರಿಸಿಕೊಳ್ಳುತ್ತದೆ. ಈ ದಿನಗಳಲ್ಲಿ ಒಳಗೆ ತೊಳೆಯುವ ಹಂಬಲ ಹೆಚ್ಚು. ತಡೆದುಕೊಳ್ಳಬೇಕಾದದ್ದೂ ಆಗಲೇ.

ಪ್ಯಾಡ್ ಆಗಲಿ ಬಟ್ಟೆಯಾಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಶಿಫ್ಟಿನ ನಡುವೆ ಎದ್ದುಹೋಗಲು ಆಗದೆ, ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋಗಲು ಮನಸ್ಸಾಗದೆ ಬೆಳಗಿನ ಪ್ಯಾಡ್ ಸಂಜೆಯವರೆಗೂ ಉಳಿದುಬಿಡುತ್ತದೆ. ಮನೆ ಬಿಡುವ ಮುಂಚೆ ಒಮ್ಮೆ, ಊಟದ ವಿರಾಮದಲ್ಲಿ ಒಮ್ಮೆ, ಮನೆ ಸೇರಿದ ಕೂಡಲೇ ಒಮ್ಮೆ ಎಂದು ವೇಳೆ ಗೊತ್ತು ಮಾಡಿಕೊಂಡರೆ ಸುಲಭ. ಪರಿಮಳ ಬೆರೆಸಿದ ಪ್ಯಾಡ್ ಬೇಡ.

ಬಟ್ಟೆ ಬಳಸುವುದು ತಪ್ಪಲ್ಲ. ತಪ್ಪಾಗುವುದು ಒಗೆಯುವುದರಲ್ಲಿ, ಒಣಗಿಸುವುದರಲ್ಲಿ. ಒಡಿಶಾದ ಎರಡು ಆಸ್ಪತ್ರೆಗಳಲ್ಲಿ 486 ಮಹಿಳೆಯರನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಳಸಿ ಎಸೆಯುವ ಪ್ಯಾಡ್‌ನವರಿಗಿಂತ ಮರುಬಳಕೆಯ ಬಟ್ಟೆಯವರಲ್ಲಿ ಬಿ.ವಿ. ಅಥವಾ ಮೂತ್ರದ ಸೋಂಕಿನ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು ಕಂಡಿತು. ಬಟ್ಟೆ ಬಳಸುವವರು ಸೋಪು ಹಾಕಿ ಒಗೆದು, ಬಿಸಿಲಿಗೆ ಬಿಚ್ಚಿ ಹರವಿ, ಗರಿಗರಿಯಾದ ಮೇಲೆ ಒಣ ಡಬ್ಬಿಯಲ್ಲಿಡಬೇಕು. ಮಳೆಗಾಲದಲ್ಲಿ ಇದು ಆಗದಿದ್ದರೆ ಆ ನಾಲ್ಕು ತಿಂಗಳಿಗಾದರೂ ಪ್ಯಾಡ್‌ಗೆ ಬದಲಾಗುವುದು ಮೇಲು. ಜನೌಷಧಿ ಕೇಂದ್ರಗಳಲ್ಲಿ 2019ರಿಂದ 'ಸುವಿಧಾ' ಪ್ಯಾಡ್ ಒಂದಕ್ಕೆ 1 ರೂಪಾಯಿಯಂತೆ ಸಿಗುತ್ತದೆ. ಸರ್ಕಾರಿ ಶಾಲೆಯ ಹುಡುಗಿಯರಿಗೆ ರಾಜ್ಯದ 'ಶುಚಿ' ಯೋಜನೆಯಿದೆ.

ಮುಟ್ಟಿನ ಕಪ್ ಬಗ್ಗೆ ಸುದ್ದಿ ಒಳ್ಳೆಯದಿದೆ. ಕೆನ್ಯಾದ 436 ಶಾಲಾ ಹುಡುಗಿಯರನ್ನು 30 ತಿಂಗಳು ಗಮನಿಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಪ್ ಪಡೆದವರಲ್ಲಿ ಬಿ.ವಿ. ಸಾಧ್ಯತೆ ಶೇ 24ರಷ್ಟು ಕಡಿಮೆಯಿತ್ತು. ನಮ್ಮಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಸರ್ಕಾರ ಕಪ್ ಹಂಚಿ ನೋಡಿದೆ. ಕಪ್ ಬಳಸುವವರು ಪ್ರತಿ ತಿಂಗಳೂ ಕುದಿಸಬೇಕು, ಕೈ ತೊಳೆದೇ ಮುಟ್ಟಬೇಕು, 12 ಗಂಟೆಗಿಂತ ಹೆಚ್ಚು ಒಳಗಿಡಬಾರದು.

ಗಂಡ-ಹೆಂಡಿರ ನಡುವೆ

ವೀರ್ಯವೂ ಕ್ಷಾರೀಯ, ಅದರ ಪಿಎಚ್ 7ಕ್ಕಿಂತ ಹೆಚ್ಚು. ಸಂಭೋಗದ ನಂತರ ಕೆಲವು ಗಂಟೆ ಯೋನಿಯ ಹುಳಿ ತಗ್ಗಿರುತ್ತದೆ. ಬಿ.ವಿ. ಇದ್ದವರಿಗೆ ಆಗಲೇ ಮೀನಿನಂಥ ವಾಸನೆ ಎದ್ದು ಕಾಣುತ್ತದೆ. ಕಾಂಡೋಮ್ ಬಳಸಿದರೆ ಈ ಏರುಪೇರು ಇಲ್ಲ. ಗುದದ್ವಾರ ಮುಟ್ಟಿದ ನಂತರ ತೊಳೆಯದೆ ಯೋನಿಗೆ ಬರಬಾರದು. ಜಾರಿಕೆಗೆ ಕೊಬ್ಬರಿ ಎಣ್ಣೆ ಹಚ್ಚುವವರು ಗಮನಿಸಿ: ಎಣ್ಣೆ ತಾಗಿದರೆ ರಬ್ಬರಿನ ಕಾಂಡೋಮ್ ಹರಿಯಬಹುದು.

ಬಿ.ವಿ. ಹಟಮಾರಿ. ಔಷಧಿ ತೆಗೆದುಕೊಂಡ ಅರ್ಧಕ್ಕಿಂತ ಹೆಚ್ಚು ಮಂದಿಗೆ ವರ್ಷದೊಳಗೆ ಮರುಕಳಿಸುತ್ತದೆ. ಇದಕ್ಕೊಂದು ಕಾರಣವನ್ನು 2025ರ ಮಾರ್ಚ್‌ನಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗ ತೋರಿಸಿತು. ಹೆಣ್ಣಿಗಷ್ಟೇ ಚಿಕಿತ್ಸೆ ಕೊಟ್ಟ ಜೋಡಿಗಳಲ್ಲಿ 12 ವಾರದೊಳಗೆ ಶೇ 63ರಷ್ಟು ಮಹಿಳೆಯರಿಗೆ ಮರುಕಳಿಸಿತು. ಅವಳ ಸಂಗಾತಿಗೂ ಮಾತ್ರೆ ಮತ್ತು ಹಚ್ಚುವ ಮುಲಾಮು ಕೊಟ್ಟ ಜೋಡಿಗಳಲ್ಲಿ ಅದು ಶೇ 35ಕ್ಕೆ ಇಳಿಯಿತು. ಪದೇ ಪದೇ ಬರುತ್ತಿದ್ದರೆ "ಅವರಿಗೂ ಔಷಧಿ ಬೇಕೇ ಡಾಕ್ಟ್ರೇ?" ಎಂದು ಕೇಳಲು ಹಿಂಜರಿಯಬೇಡಿ. ಹಾಗೆಂದು ಬಿ.ವಿ. ಬಂದದ್ದನ್ನೇ ಯಾರದೋ ನಡತೆಗೆ ಸಾಕ್ಷಿ ಮಾಡುವುದು ತಪ್ಪು. ಒಬ್ಬರನ್ನೊಬ್ಬರು ಬಿಟ್ಟು ಬೇರೆ ಸಂಬಂಧವಿಲ್ಲದ ದಂಪತಿಗಳಲ್ಲೂ ಇದು ಕಾಣಿಸಿಕೊಳ್ಳುತ್ತದೆ.

ಗರ್ಭ ತಡೆಯಲು ವಂಕಿ ಹಾಕಿಸಿಕೊಂಡ ಕೆಲವರಿಗೆ ರಕ್ತಸ್ರಾವ ಹೆಚ್ಚಿ ಬಿ.ವಿ. ಕಾಣಿಸುವುದುಂಟು. ಅದಕ್ಕಾಗಿ ಗಾಬರಿಯಿಂದ ವಂಕಿ ತೆಗೆಸಬೇಡಿ. ಪರೀಕ್ಷೆ ಮಾಡಿಸಿ, ವೈದ್ಯರೊಂದಿಗೆ ಮಾತಾಡಿ ನಿರ್ಧರಿಸಿ.

ಮಾತ್ರೆ, ಸಕ್ಕರೆ, ಮೊಸರು

ಕೆಮ್ಮು-ಜ್ವರಕ್ಕೆ ಅಂಗಡಿಯಿಂದ ತಂದು ನುಂಗುವ ಆ್ಯಂಟಿಬಯಾಟಿಕ್ ಗಂಟಲಿಗಷ್ಟೇ ಹೋಗುವುದಿಲ್ಲ. ಯೋನಿಯ ಲ್ಯಾಕ್ಟೊಬ್ಯಾಸಿಲಸ್ ಕೂಡ ಅದಕ್ಕೆ ಬಲಿಯಾಗುತ್ತದೆ, ಜಾಗ ಸಿಕ್ಕ ಕ್ಯಾಂಡಿಡಾ ಬೆಳೆಯುತ್ತದೆ. ವೈದ್ಯರು ಬರೆದುಕೊಟ್ಟದ್ದನ್ನು ಪೂರ್ತಿ ತೆಗೆದುಕೊಳ್ಳಿ, ಬರೆಯದೇ ಇದ್ದದ್ದನ್ನು ಕೊಳ್ಳಬೇಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೂ ಕ್ಯಾಂಡಿಡಾ ಮತ್ತೆ ಮತ್ತೆ ಬರುತ್ತದೆ. ತುರಿಕೆ ಬಿಡುತ್ತಲೇ ಇಲ್ಲ ಎಂದು ಹೋದವರಿಗೆ ಸಕ್ಕರೆ ಕಾಯಿಲೆ ಇರುವುದು ಆಗಲೇ ಗೊತ್ತಾಗುವುದೂ ಇದೆ.

ಮೊಸರು ತಿನ್ನಿ, ಊಟಕ್ಕೆ ಒಳ್ಳೆಯದು. ಯೋನಿಯೊಳಗೆ ಹಚ್ಚಬೇಡಿ. ಮೊಸರಿನ ಬ್ಯಾಕ್ಟೀರಿಯಾಗಳ ಪ್ರಭೇದ ಬೇರೆ, ಅವು ಅಲ್ಲಿ ನೆಲೆಯೂರುವುದಿಲ್ಲ. ಯೋನಿಯದೇ ಆದ ಲ್ಯಾಕ್ಟೊಬ್ಯಾಸಿಲಸ್ ಕ್ರಿಸ್ಪೇಟಸ್ ಪ್ರಭೇದವನ್ನು ಔಷಧಿಯ ರೂಪದಲ್ಲಿ ಒಳಗಿಟ್ಟು ಅಮೆರಿಕದಲ್ಲಿ 228 ಮಹಿಳೆಯರ ಮೇಲೆ ಪ್ರಯೋಗ ನಡೆದು, 2020ರಲ್ಲಿ ಫಲಿತಾಂಶ ಬಂತು. 12 ವಾರದೊಳಗೆ ಬಿ.ವಿ. ಮರುಕಳಿಸಿದ್ದು ಶೇ 30 ಮಂದಿಗೆ. ಔಷಧಿಯಿಲ್ಲದ ಪುಡಿ ಪಡೆದವರಲ್ಲಿ ಶೇ 45. ಇದು ಭರವಸೆಯ ದಾರಿ, ಆದರೆ ಅಡುಗೆಮನೆಯಿಂದ ಹೋಗುವ ದಾರಿಯಲ್ಲ. ಬೆಳ್ಳುಳ್ಳಿ, ತುಳಸಿ, ಬೇವಿನ ನೀರನ್ನು ಒಳಗೆ ಹಾಕುವುದಕ್ಕೂ ಇದೇ ಮಾತು. ಧೂಮಪಾನ ಮಾಡುವವರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಿರುವುದನ್ನೂ ಅಧ್ಯಯನಗಳು ಗುರುತಿಸಿವೆ.

ಬಾಣಂತನ, ಮುಟ್ಟು ನಿಂತ ಮೇಲೆ

ಹೆರಿಗೆಯ ನಂತರ ಈಸ್ಟ್ರೋಜನ್ ಕುಸಿಯುತ್ತದೆ, ನಾಲ್ಕರಿಂದ ಆರು ವಾರ ರಕ್ತ ಹೋಗುತ್ತಿರುತ್ತದೆ. ಬಾಣಂತಿಗೆ ಬಿಸಿನೀರಿನ ಸ್ನಾನ ಹಿತವೇ. ಹೊಲಿಗೆ ಹಾಕಿದ ಜಾಗಕ್ಕೆ ರಭಸದಿಂದ ಸುಡುನೀರು ಎರೆಯುವುದು, ಒಳಗೆ ತೊಳೆಯುವುದು, ಅಲ್ಲಿಗೆ ಹೊಗೆ ಹಿಡಿಯುವುದು ಬೇಡ. ಸ್ರಾವಕ್ಕೆ ಕೆಟ್ಟ ವಾಸನೆ ಬಂದರೆ, ಜ್ವರ ಕಾಣಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮುಟ್ಟು ನಿಂತವರಲ್ಲಿ ಗ್ಲೈಕೋಜನ್ ಕಡಿಮೆ, ಆದ್ದರಿಂದ ಲ್ಯಾಕ್ಟೊಬ್ಯಾಸಿಲಸ್ಸೂ ಕಡಿಮೆ. ಒಣಗುವಿಕೆ, ಉರಿ, ಪದೇ ಪದೇ ಮೂತ್ರದ ಸೋಂಕು ಬರಬಹುದು. ವಯಸ್ಸಾಯಿತು ಎಂದು ಸಹಿಸಿಕೊಂಡಿರಬೇಕಿಲ್ಲ. ವೈದ್ಯರು ಬರೆದುಕೊಡುವ, ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ.

ಬಿಳಿ ಒಂದೇ, ಕಾಯಿಲೆ ಬೇರೆ ಬೇರೆ

• ತೆಳುವಾದ ಬೂದುಬಿಳಿ ಸ್ರಾವ, ಮೀನಿನ ವಾಸನೆ, ತುರಿಕೆ ಕಡಿಮೆ: ಬಿ.ವಿ. ಇರಬಹುದು. ಎಷ್ಟೋ ಮಂದಿಗೆ ಲಕ್ಷಣವೇ ಇರುವುದಿಲ್ಲ.

• ಒಡೆದ ಮೊಸರಿನಂಥ ಗಟ್ಟಿ ಸ್ರಾವ, ವಿಪರೀತ ತುರಿಕೆ, ಉರಿ: ಕ್ಯಾಂಡಿಡಾ ಇರಬಹುದು.

• ಹಳದಿ-ಹಸಿರು, ನೊರೆನೊರೆ, ವಾಸನೆ, ತುರಿಕೆ: ಟ್ರೈಕೊಮೊನಾಸ್ ಇರಬಹುದು. ಇದು ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಇಬ್ಬರಿಗೂ ಚಿಕಿತ್ಸೆ ಬೇಕು.

ಒಂದರ ಔಷಧಿ ಇನ್ನೊಂದಕ್ಕೆ ಆಗದು, ಎರಡು ಒಟ್ಟಿಗೇ ಇರುವುದೂ ಉಂಟು. ಕೆಳಹೊಟ್ಟೆ ನೋವು, ಜ್ವರ, ಹುಣ್ಣು, ಸಂಭೋಗದ ನಂತರ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ ತಡ ಮಾಡಬೇಡಿ. ಗರ್ಭಿಣಿಯರೂ ಅಷ್ಟೇ, ಬಿ.ವಿ.ಗೂ ಅವಧಿಗೆ ಮುಂಚಿನ ಹೆರಿಗೆಗೂ ನಂಟಿದೆ. ಬಿ.ವಿ. ಇದ್ದವರಿಗೆ ಎಚ್‌ಐವಿ ತಗಲುವ ಅಪಾಯವೂ ಹೆಚ್ಚು.

ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗ, ಭದ್ರಾವತಿಯಲ್ಲಿ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ ಇವೆ. ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ದೇಶದ ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್‌ಗಳನ್ನು ನಡೆಸಲಾಗುತ್ತಿದ್ದು, ಅಲ್ಲಿ ಪರೀಕ್ಷೆ, ಔಷಧಿ ಉಚಿತ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಮದುವೆಯಾಗದ ಹುಡುಗಿಯರು ಒಳಪರೀಕ್ಷೆಗೆ ಹೆದರಿ ಹಿಂದೆ ಸರಿಯಬೇಕಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲ, ಬಹಳ ಸಲ ಅದರ ಅಗತ್ಯವೂ ಇರುವುದಿಲ್ಲ.

ಹೋಗುವಾಗ ನಾಲ್ಕು ವಿಷಯ ನೆನಪಿಟ್ಟುಕೊಳ್ಳಿ: ಕಳೆದ ಮುಟ್ಟಿನ ದಿನಾಂಕ, ಸ್ರಾವದ ಬಣ್ಣ-ವಾಸನೆ, ಇತ್ತೀಚೆಗೆ ನುಂಗಿದ ಮಾತ್ರೆಗಳು, ಈ ಮುಂಚೆ ಎಷ್ಟು ಸಲ ಹೀಗಾಗಿತ್ತು ಎಂಬುದು. ಹಿಂದಿನ ದಿನ ಸಂಭೋಗ, ಕ್ರೀಮು ಎರಡೂ ಬೇಡ. ಬಹಳ ಮುಖ್ಯವಾಗಿ, ಡಾಕ್ಟರ ಮುಂದೆ ಚೊಕ್ಕಟವಾಗಿ ಹೋಗಬೇಕೆಂಬ ಸಂಕೋಚಕ್ಕೆ ಒಳಗೆ ತೊಳೆದುಕೊಂಡು ಹೋಗಬೇಡಿ. ಹಾಗೆ ಹೋದರೆ ಅವರು ನೋಡಬೇಕಾದದ್ದೇ ಬಚ್ಚಲ ಪಾಲಾಗಿರುತ್ತದೆ.